ಆರ್‌ಎಫ್ ಬ್ರಿಡ್ಜ್‌ಗೆ ಟಾಸ್ಮೋಟಾ: ಮೊದಲು ಆ ಪುಟ್ಟ ಸ್ವಿಚ್ ನೋಡಿ

ಸರ್, ಹುಬ್ಬಳ್ಳಿಯ ನವನಗರದ ಮನೆಗೆ ತಂದ ಸೊನಾಫ್ ಆರ್‌ಎಫ್ ಬ್ರಿಡ್ಜ್‌ಗೆ (ರಿಮೋಟ್, ಸೆನ್ಸರ್‌ಗಳ ರೇಡಿಯೊ ಸಂಕೇತವನ್ನು ವೈಫೈಗೆ ತಲುಪಿಸುವ ಪೆಟ್ಟಿಗೆ) ಕಂಪನಿಯ ತಂತ್ರಾಂಶದ ಬದಲು ಟಾಸ್ಮೋಟಾ ಎಂಬ ಉಚಿತ ತಂತ್ರಾಂಶ ಹಾಕಲು ಹೋದರೆ ಸಂಪರ್ಕವೇ ಸಿಗುತ್ತಿಲ್ಲ, ಬೋರ್ಡ್ ಸುಟ್ಟಿದೆಯೇ ಎಂದು ಕೇಳಿದ್ದೀರಿ. ಅಷ್ಟು ಬೇಗ ಕೈಬಿಡಬೇಡಿ.

ಬೋರ್ಡಿನ ಮೇಲೆ ಉಗುರಿನಿಂದ ಸರಿಸುವಷ್ಟು ಚಿಕ್ಕ ಸ್ವಿಚ್ ಇದೆ. ವೈಫೈ ನೋಡಿಕೊಳ್ಳುವ ಇಎಸ್‌ಪಿ 8285 ಚಿಪ್ ಮತ್ತು ರೇಡಿಯೊ ಚಿಪ್ ಎರಡೂ ಮಾತನಾಡುವುದು ಒಂದೇ ಸೀರಿಯಲ್ ಮಾರ್ಗದಲ್ಲಿ. ಸ್ವಿಚ್ ‘ಆನ್’ ಕಡೆಗಿದ್ದರೆ ನಿಮ್ಮ ಕಂಪ್ಯೂಟರಿನ ಮಾತಿನ ನಡುವೆ ರೇಡಿಯೊ ಚಿಪ್ ಬಾಯಿ ಹಾಕುತ್ತದೆ. ಅದನ್ನು ಎದುರು ಬದಿಗೆ ಸರಿಸಿ, ಬ್ರಿಡ್ಜ್‌ನ ಯುಎಸ್‌ಬಿ ಕೇಬಲ್ ತೆಗೆದಿಡಿ. ಕಂಪ್ಯೂಟರಿಗೂ ಬೋರ್ಡಿಗೂ ನಡುವೆ ಜೋಡಿಸುವ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ 3.3 ವೋಲ್ಟ್‌ನಲ್ಲೇ ಇರಲಿ. 5 ವೋಲ್ಟ್ ಕೊಟ್ಟರೆ ನೀವು ಹೆದರಿದ್ದು ನಿಜವಾದೀತು. ಆರ್‌ಎಕ್ಸ್ (ಸ್ವೀಕರಿಸುವ), ಟಿಎಕ್ಸ್ (ಕಳಿಸುವ) ತಂತಿಗಳನ್ನು ಅದಲುಬದಲು ಜೋಡಿಸಿ, ಬೋರ್ಡಿನ ಗುಂಡಿ ಒತ್ತಿ ಹಿಡಿದುಕೊಂಡೇ ವಿದ್ಯುತ್ ಕೊಡಿ. ಹಳೆಯ ಫರ್ಮ್‌ವೇರ್‌ನ (ಚಿಪ್‌ನೊಳಗಿನ ತಂತ್ರಾಂಶದ) ಪ್ರತಿ ತೆಗೆದಿಟ್ಟುಕೊಂಡರೆ ಒಳ್ಳೆಯದು.

ಕೆಲಸ ಮುಗಿದ ಮೇಲೆ ಸ್ವಿಚ್ ಮರಳಿ ‘ಆನ್’ ಮಾಡಲೇಬೇಕು. ಇಲ್ಲದಿದ್ದರೆ ಟಾಸ್ಮೋಟಾ ಪುಟವೇನೋ ತೆರೆದುಕೊಳ್ಳುತ್ತದೆ, ರಿಮೋಟಿನ ಒಂದು ಸಂಕೇತವೂ ಬರುವುದಿಲ್ಲ. ಮಾಡ್ಯೂಲ್ ಪಟ್ಟಿಯಲ್ಲಿ 25ನೆಯದಾದ ಸೊನಾಫ್ ಬ್ರಿಡ್ಜ್ ಆರಿಸಿ.

ರೇಡಿಯೊ ಚಿಪ್‌ಗೆ ಪೋರ್ಟಿಶ್ ಎಂಬ ಬದಲಿ ಫರ್ಮ್‌ವೇರ್ ಹಾಕುವ ಉತ್ಸಾಹವೂ ನಿಮಗಿದ್ದಂತಿದೆ. ಅದು ಇಎಫ್‌ಎಂ8 ಎಂಬ ರೇಡಿಯೊ ಚಿಪ್ ಇರುವ ಹಳೆಯ ಬೋರ್ಡುಗಳಿಗೆ ಮಾತ್ರ. ಬೋರ್ಡಿನ ಮೇಲೆ ಆರ್‌2 ವಿ2.2 ಎಂದು ಬರೆದಿದ್ದರೆ ಚಿಪ್ ಬೇರೆ, ಆ ದಾರಿ ನಡೆಯುವುದಿಲ್ಲ. ಗೇಟಿನ ರಿಮೋಟ್ ಒತ್ತಿದಾಗಲೆಲ್ಲ ಸಂಕೇತ ಬದಲಿಸುವ ಬಗೆಯದಾದರೆ, ಯಾವ ಫರ್ಮ್‌ವೇರ್ ಹಾಕಿದರೂ ಸಂಕೇತವನ್ನು ಕಲಿಸಿ ಗೇಟು ತೆರೆಯಲಾಗದು. 433 ಮೆಗಾಹರ್ಟ್ಸ್‌ನ ಬಾಗಿಲು ಸೆನ್ಸರ್, ಕರೆಗಂಟೆಗಳಿಗೆ ಇದು ಧಾರಾಳವಾಗಿ ಸಾಕು.