ತೆರಿಗೆ ಕಟ್ಟಿದ ಮಾತ್ರಕ್ಕೆ ಬಿಟ್‌ಕಾಯಿನ್ ದುಡ್ಡಾಗುತ್ತದಾ?

ಜುಲೈ ಬಂತೆಂದರೆ ಮಾಟುಂಗದ ನನ್ನ ಆಫೀಸಿನಲ್ಲಿ ರಿಟರ್ನ್ ತುಂಬಿಸುವವರ ಗಲಾಟೆ. ಅದರಲ್ಲಿ ಕ್ರಿಪ್ಟೋ (ಬಿಟ್‌ಕಾಯಿನ್‌ನಂಥ ಡಿಜಿಟಲ್ ಕಾಯಿನ್‌ಗಳು) ಇರುವ ಫೈಲುಗಳು ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಿವೆ. ಈ ಸಲ ಅದೇ ವಿಷಯದ ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾಗಿ ಡೊಂಬಿವಲಿಯಲ್ಲಿ ಇದ್ದೇನೆ. ಮಗ ಬಿಟ್‌ಕಾಯಿನ್ ಕೊಂಡಿದ್ದಾನೆ. ಬೈದರೆ, "ಅಪ್ಪಾ, ಸರ್ಕಾರವೇ ಇದಕ್ಕೆ ತೆರಿಗೆ ತಗೊಳ್ತಿದೆ. ತೆರಿಗೆ ತಗೊಂಡ ಮೇಲೆ ಒಪ್ಪಿದ ಹಾಗೇ ಅಲ್ವಾ? ಇದೂ ದುಡ್ಡೇ" ಎನ್ನುತ್ತಾನೆ. ನನಗೆ ಬಾಯಿ ಕಟ್ಟಿಹೋಗುತ್ತದೆ. ನಮ್ಮಿಬ್ಬರಲ್ಲಿ ಯಾರು ಸರಿ?

ಉತ್ತರ: ರಾಯರೇ, ಮಗನ ಮಾತಿನಲ್ಲಿ ಅರ್ಧ ಸರಿ ಇದೆ. ಬಿಟ್‌ಕಾಯಿನ್ ಕೊಳ್ಳುವುದು, ಇಟ್ಟುಕೊಳ್ಳುವುದು, ಮಾರುವುದು ನಮ್ಮಲ್ಲಿ ಅಪರಾಧವಲ್ಲ. ಅವನು ಎಡವಿರುವುದು "ಇದೂ ದುಡ್ಡೇ" ಅನ್ನುವಲ್ಲಿ.

ಮಹಾಲಕ್ಷ್ಮಿ ರೇಸ್ ಕೋರ್ಸಿನಲ್ಲಿ ಕುದುರೆ ಮೇಲೆ ಕಟ್ಟಿ ಗೆದ್ದವರಿಂದಲೂ ಸರ್ಕಾರ 30% ತೆರಿಗೆ ವಸೂಲು ಮಾಡುತ್ತದೆ. ಹಾಗಂತ ರೇಸಿನ ಟಿಕೆಟ್ ಕೊಟ್ಟು ಲೋಕಲ್ ರೈಲಿನ ಪಾಸ್ ತೆಗೆಯಲು ಆಗುತ್ತದಾ? ತೆರಿಗೆ ಇಲಾಖೆ ನೋಡುವುದು ಕೈಗೆ ಆದಾಯ ಬಂತೋ ಇಲ್ಲವೋ ಅನ್ನುವುದನ್ನು. ಆ ಆದಾಯ ಒಳ್ಳೆಯದೇ, ಕೆಟ್ಟದ್ದೇ, ಅದಕ್ಕೆ ಬೇಕಿಲ್ಲ. ಇದಕ್ಕೆ ಒಂದು ಹಳೇ ಕೇಸು ಇದೆ. ಚಿನ್ನ ತರಲೆಂದು ನೋಟಿನ ಕಂತೆ ಇಟ್ಟುಕೊಂಡು ಪಾಕಿಸ್ತಾನದ ಗಡಿ ದಾಟುತ್ತಿದ್ದವನೊಬ್ಬ 1958ರಲ್ಲಿ ಸಿಕ್ಕಿಬಿದ್ದ. ಕಸ್ಟಮ್ಸ್‌ನವರು ದುಡ್ಡು ಜಪ್ತಿ ಮಾಡಿದರು. ಆದಾಯ ತೆರಿಗೆಯವರು ಬಂದು ಅದೇ ದುಡ್ಡನ್ನು ಅವನ ಆದಾಯ ಅಂತ ಲೆಕ್ಕ ಹಾಕಿದರು. ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1980ರಲ್ಲಿ ಕೋರ್ಟು ಹೇಳಿದ್ದು ಇಷ್ಟು: ಕಳ್ಳಸಾಗಣೆಯನ್ನು ವ್ಯಾಪಾರ ಅಂತ ಎಣಿಸಿ ತೆರಿಗೆ ಹಾಕಿದ ಮೇಲೆ, ಜಪ್ತಿಯಾದ ದುಡ್ಡನ್ನು ಆ ವ್ಯಾಪಾರದ ನಷ್ಟ ಅಂತ ಕಳೆಯಲೇಬೇಕು. ಕಳ್ಳಸಾಗಣೆಗೆ ತೆರಿಗೆ ಬಿತ್ತು, ಆದರೆ ಅದು ಕಾನೂನಿಗೆ ಒಪ್ಪಿಗೆಯಾದ ಕೆಲಸವಾಗಲಿಲ್ಲ. ಈ ಕೇಸನ್ನು ನೆನಪಿಟ್ಟುಕೊಳ್ಳಿ, ಮುಂದಿನ ಪ್ರಶ್ನೆಯಲ್ಲಿ ಮತ್ತೆ ಬೇಕಾಗುತ್ತದೆ.

ಹಾಗಾದರೆ ದುಡ್ಡು ಯಾವುದು? ಅದನ್ನು ನಾನು ನಿಮಗೆ ಹೇಳುವುದೆಂದರೆ ನಗೆಪಾಟಲು, ನೀವು ಜೀವನವಿಡೀ ನೋಟು ಎಣಿಸಿದವರು. ನೂರರ ನೋಟಿನಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಹಾಕಿ ಕೊಟ್ಟ ಮಾತಿದೆ. ಭಾಷೆಗಳ ಪಟ್ಟಿಯಲ್ಲಿ ನಾಲ್ಕನೇ ಸಾಲು ನಮ್ಮ ಕನ್ನಡ. 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೇ ಕಲಂ ಪ್ರಕಾರ ಆ ನೋಟು ದೇಶದ ಯಾವ ಮೂಲೆಯಲ್ಲೂ ಸಲ್ಲುತ್ತದೆ. ಬಿಟ್‌ಕಾಯಿನ್‌ಗೆ ಅಂಥ ಮಾತು ಕೊಟ್ಟವರು ಯಾರೂ ಇಲ್ಲ.

ಮಗನಿಗೆ ಇನ್ನೂ ಅನುಮಾನ ಇದ್ದರೆ, ಅವನು ಹೇಳುತ್ತಿರುವ ಆ ತೆರಿಗೆ ಕಾನೂನನ್ನೇ ತೆಗೆದು ಓದಲು ಹೇಳಿ. 2022ರ ಬಜೆಟ್‌ನಲ್ಲಿ ಕ್ರಿಪ್ಟೋಗೆ ಇಟ್ಟ ಹೆಸರು 'ವರ್ಚುವಲ್ ಡಿಜಿಟಲ್ ಆಸ್ತಿ', ಚಿಕ್ಕದಾಗಿ ವಿಡಿಎ. ಅದರ ವಿವರಣೆಯಲ್ಲೇ, ಇದು ಭಾರತದ ಕರೆನ್ಸಿಯೂ ಅಲ್ಲ, ವಿದೇಶಿ ಕರೆನ್ಸಿಯೂ ಅಲ್ಲ ಅಂತ ಬರೆದಿದ್ದಾರೆ. ತೆರಿಗೆ ಹಾಕಿದ ಕಲಮೇ ದುಡ್ಡಲ್ಲ ಅಂತ ಹೇಳಿದ ಮೇಲೆ ವಾದ ಎಲ್ಲಿ ಉಳಿಯಿತು? ಹಣಕಾಸು ಮಂತ್ರಿ ನಿರ್ಮಲಾ ಸೀತಾರಾಮನ್ ಅವರೂ ಆ ಫೆಬ್ರವರಿಯಲ್ಲಿ ರಾಜ್ಯಸಭೆಯಲ್ಲಿ, ಇದು ಕಾನೂನುಬದ್ಧವೋ ಅಲ್ಲವೋ ಬೇರೆ ಪ್ರಶ್ನೆ, ಲಾಭಕ್ಕೆ ತೆರಿಗೆ ಹಾಕುವುದು ಸರ್ಕಾರದ ಹಕ್ಕು ಎಂಬ ಅರ್ಥದಲ್ಲಿ ಮಾತಾಡಿದ್ದರು.

ನಿಮ್ಮ ಹೆದರಿಕೆಗೂ ಕಾರಣ ಇದೆ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕು, ಕ್ರಿಪ್ಟೋ ವ್ಯವಹಾರದವರಿಗೆ ಸೇವೆ ಕೊಡಬೇಡಿ ಅಂತ ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿತ್ತು. ನಿಮ್ಮ ಮೇಜಿಗೂ ಅದು ಬಂದಿರಬೇಕು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ರಿಸರ್ವ್ ಬ್ಯಾಂಕಿಗೆ ಅಧಿಕಾರವೇ ಇಲ್ಲ ಅಂತ ಅಲ್ಲ. ಬ್ಯಾಂಕುಗಳಿಗೆ ಇದರಿಂದ ಇಂಥ ಹಾನಿಯಾಗಿದೆ ಅಂತ ತೋರಿಸದೆ ಇಷ್ಟು ದೊಡ್ಡ ಕ್ರಮ ತೆಗೆದುಕೊಂಡಿದ್ದು ಅತಿಯಾಯಿತು ಅಂತ. ಆಮೇಲೆ 2025ರ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟು ಕ್ರಿಪ್ಟೋ ಒಂದು ಬಗೆಯ ಆಸ್ತಿ ಎಂದಿತು. ಆಸ್ತಿ ಅಂದರೆ ಜವೇರಿ ಬಜಾರಿನ ಚಿನ್ನದ ಹಾಗೆ. ಮಾರಬಹುದು, ಕೈಬದಲಾಯಿಸಬಹುದು, ಆದರೆ ವಾಚ್‌ಮನ್‌ಗೆ ಸಂಬಳ ಕೊಡಲು ಆಗದು.

ಪ್ರಶ್ನೆ: ಕಳೆದ ವರ್ಷ ಬಿಟ್‌ಕಾಯಿನ್‌ನಲ್ಲಿ 1 ಲಕ್ಷ ಲಾಭ ಮಾಡಿದೆ (2 ಲಕ್ಷಕ್ಕೆ ಕೊಂಡು 3 ಲಕ್ಷಕ್ಕೆ ಮಾರಿದೆ). ಇನ್ನೊಂದು ಕಾಯಿನ್ 1.5 ಲಕ್ಷಕ್ಕೆ ಕೊಂಡಿದ್ದೆ, ಬೆಲೆ ಬಿದ್ದು 70 ಸಾವಿರಕ್ಕೆ ಮಾರಬೇಕಾಯಿತು. ಒಟ್ಟಿನಲ್ಲಿ ಉಳಿದದ್ದು 20 ಸಾವಿರ. ಅದರ 30% ಕಟ್ಟಿದರೆ ಸಾಕಲ್ವಾ ಸರ್? ನನ್ನ ಸಂಬಳ 12 ಲಕ್ಷದೊಳಗಿದೆ, ತೆರಿಗೆಯೇ ಬರುವುದಿಲ್ಲ ಅಂತ ಸ್ನೇಹಿತ ಹೇಳುತ್ತಾನೆ.

ಉತ್ತರ: ಸಾಲದು. ಸ್ನೇಹಿತ ಹೇಳಿದ್ದೂ ತಪ್ಪು.

ಲಾಭ 1 ಲಕ್ಷ, ಅದರ 30% ಅಂದರೆ 30,000. ಮೇಲೆ 4% ಸೆಸ್ 1,200. ಒಟ್ಟು 31,200 ರೂಪಾಯಿ. ನಿಮ್ಮ ಕೈಯಲ್ಲಿ ನಿಜವಾಗಿ ಉಳಿದಿರುವುದು 20,000. ಅಂದರೆ ಜೇಬಿನಿಂದ 11,200 ಹಾಕಿ ತೆರಿಗೆ ಕಟ್ಟಬೇಕು. ತಪ್ಪಾಗಿ ಓದಿದೆನೇನೋ ಅಂದುಕೊಳ್ಳಬೇಡಿ. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವ ಹಾಗೂ ಇಲ್ಲ. ಆ 80,000 ನಷ್ಟ ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ. ಗಡಿಯಲ್ಲಿ ಸಿಕ್ಕಿಬಿದ್ದವನಿಗೆ ಸಿಕ್ಕ ಸೌಲಭ್ಯ ನಿಮಗಿಲ್ಲ! ನನ್ನನ್ನು ಕೇಳಿದರೆ, ದರ 30% ಇರುವುದಕ್ಕಿಂತ ಈ ನಿಯಮವೇ ದೊಡ್ಡ ಅನ್ಯಾಯ. ದಲಾಲ್ ಸ್ಟ್ರೀಟಿನಲ್ಲಿ ಷೇರು ಕೊಂಡು ಕಳೆದುಕೊಂಡವರು ಆ ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು.

ಕೊಂಡ ಬೆಲೆಯೊಂದನ್ನು ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯಲು ಬಿಡುವುದಿಲ್ಲ. 12 ಲಕ್ಷದವರೆಗಿನ ರಿಯಾಯಿತಿ ಈ ಲಾಭಕ್ಕೆ ತಾಗುವುದಿಲ್ಲ. ಬೇರೆ ಪೈಸೆ ಆದಾಯ ಇಲ್ಲದ ಕಾಲೇಜು ಹುಡುಗನೂ 10,000 ಲಾಭಕ್ಕೆ 3,120 ಕಟ್ಟಲೇಬೇಕು. ಒಂದು ಕಾಯಿನ್ ಕೊಟ್ಟು ಇನ್ನೊಂದು ತೆಗೆದುಕೊಂಡರೆ, ರೂಪಾಯಿ ಕಣ್ಣಿಗೇ ಬೀಳದಿದ್ದರೂ, ಅದೂ ಮಾರಾಟವೇ. ಎಷ್ಟೋ ಹುಡುಗರು ಸಿಕ್ಕಿಕೊಳ್ಳುವುದು ಇಲ್ಲೇ.

ಸ್ವಲ್ಪ ಸಮಾಧಾನದ ವಿಷಯವೂ ಇದೆ. ಮಾರುವಾಗ, ಕಾಯಿನ್ ವ್ಯಾಪಾರ ನಡೆಸಿಕೊಡುವ ಎಕ್ಸ್‌ಚೇಂಜ್‌ನವರು 1% ಟಿಡಿಎಸ್ (ದುಡ್ಡು ಕೊಡುವಾಗಲೇ ಕಡಿದುಕೊಳ್ಳುವ ತೆರಿಗೆ) ಹಿಡಿದಿರುತ್ತಾರೆ, 2022ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ನಿಮ್ಮ ಎರಡು ಮಾರಾಟಕ್ಕೆ ಸುಮಾರು 3,700 ಆಗಿರಬೇಕು. ನಿಮ್ಮ ಹೆಸರಿನಲ್ಲಿ ಹಿಡಿದ ತೆರಿಗೆಯ ಪಟ್ಟಿಯಾದ 26ಎಎಸ್‌ನಲ್ಲಿ ನೋಡಿ, ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳಿ. ಉಳಿಯುವುದು 27,500. ರಿಟರ್ನ್ ಫಾರಂಗಳಲ್ಲಿ ಐಟಿಆರ್-1 ತುಂಬಬೇಡಿ, ನಡೆಯುವುದಿಲ್ಲ. ಐಟಿಆರ್-2ರಲ್ಲಿ 'ಷೆಡ್ಯೂಲ್ ವಿಡಿಎ' ಇದೆ. ಕೊಂಡ ತಾರೀಖು, ಮಾರಿದ ತಾರೀಖು, ಬೆಲೆ ಎಲ್ಲ ಒಂದೊಂದಾಗಿ ಬರೆಯಬೇಕು. ಮುಚ್ಚಿಟ್ಟರೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದರೆ, ಆ ಟಿಡಿಎಸ್ ಆಗಲೇ ನಿಮ್ಮ ಪ್ಯಾನ್ ನಂಬರಿನ ಮೇಲೆ ಇಲಾಖೆಗೆ ಮುಟ್ಟಿದೆ.

ಪ್ರಶ್ನೆ: ದುಬೈನಲ್ಲಿರುವ ಸೋದರಮಾವ ನನಗೆ 1 ಲಕ್ಷ ಬೆಲೆಯ ಬಿಟ್‌ಕಾಯಿನ್ ಉಡುಗೊರೆ ಕಳಿಸಿದ್ದಾರೆ. ತೆರಿಗೆ ಇದೆಯಾ?

ಉತ್ತರ: ಪಡೆದದ್ದಕ್ಕೆ ಇಲ್ಲ, ಸೋದರಮಾವ ಕಾನೂನು ಎಣಿಸುವ ಬಂಧುಗಳಲ್ಲಿ ಬರುತ್ತಾರೆ. ಅದೇ ಸ್ನೇಹಿತ ಕೊಟ್ಟಿದ್ದರೆ, ವರ್ಷಕ್ಕೆ 50,000 ದಾಟಿದರೆ ಪೂರ್ತಿ ಮೊತ್ತ ನಿಮ್ಮ ಆದಾಯ. ಮಾವ ಕಳಿಸಿದ ಮೆಸೇಜು, ಮೇಲ್ ಇಟ್ಟುಕೊಳ್ಳಿ. ಮಾರಿದ ದಿನ ಲಾಭಕ್ಕೆ 30% ಇದ್ದೇ ಇದೆ.

ಪ್ರಶ್ನೆ: ಘಾಟ್‌ಕೋಪರ್‌ನಲ್ಲಿ ನಮ್ಮದು ಹೋಟೆಲ್. ನಾಮಕರಣದ ಊಟಕ್ಕೆ 80,000 ಬಿಲ್ ಆಗಿದೆ. ಗಿರಾಕಿ ಐಟಿಯವರು, ಯುಎಸ್‌ಡಿಟಿಯಲ್ಲಿ (ಡಾಲರ್ ಬೆಲೆಗೆ ಹೊಂದಿಸಿದ ಕ್ರಿಪ್ಟೋ ಕಾಯಿನ್) ಕೊಡುತ್ತೇನೆ ಅನ್ನುತ್ತಾರೆ. ನಮ್ಮ ಮ್ಯಾನೇಜರ್, "ಸೇಠ್, ತಗೊಳ್ಳಿ, ಡಾಲರ್ ಇದ್ದ ಹಾಗೆ" ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ಶೆಟ್ಟರೇ, ಬೇಡ. ಹಿಂದೆ ಗಲ್ಲಾದಲ್ಲಿ ಚಿಲ್ಲರೆ ಇಲ್ಲ ಅಂತ ಗಿರಾಕಿಗೆ ಚಾಕೊಲೇಟ್ ಕೊಡುತ್ತಿದ್ದರಲ್ಲ, ನೆನಪಿದೆಯಾ? ತೆಗೆದುಕೊಂಡವರು ತೆಗೆದುಕೊಂಡರು, ಬೇಡ ಅಂದವರಿಗೆ ಒತ್ತಾಯ ಮಾಡುವ ಹಾಗಿರಲಿಲ್ಲ. ಈಗ ನೀವು ಆ ಗಿರಾಕಿಯ ಜಾಗದಲ್ಲಿದ್ದೀರಿ. ರೂಪಾಯಿ ಕೊಡಿ ಅನ್ನುವುದು ನಿಮ್ಮ ಹಕ್ಕು.

ತೆಗೆದುಕೊಂಡರೆ ತಲೆನೋವು ಎಷ್ಟು ನೋಡಿ. ಜಿಎಸ್‌ಟಿಯನ್ನು ನೀವು ರೂಪಾಯಿಯಲ್ಲೇ ಕಟ್ಟಬೇಕು. ಪುಸ್ತಕದಲ್ಲಿ ಆವತ್ತಿನ ರೂಪಾಯಿ ಬೆಲೆಗೆ ಮಾರಾಟ ತೋರಿಸಬೇಕು. ಗಿರಾಕಿ ನಿಮಗೆ ಕಾಯಿನ್ ಕೊಟ್ಟದ್ದು ಅವರ ಲೆಕ್ಕದಲ್ಲಿ ಮಾರಾಟ, ಕೊಂಡವರು ನೀವು, ಹಾಗಾಗಿ 1% ಟಿಡಿಎಸ್ ಜವಾಬ್ದಾರಿ ನಿಮ್ಮ ತಲೆಗೆ ಬರುತ್ತದೆ. ವಹಿವಾಟು ವರ್ಷಕ್ಕೆ 1 ಕೋಟಿ ದಾಟಿದ ಹೋಟೆಲಿಗೆ 10,000ದ ಮೇಲೆಯೇ ಇದು ಶುರು. ಆಮೇಲೆ ಆ ಯುಎಸ್‌ಡಿಟಿಯನ್ನು ನೀವು ಮಾರಿ ನಾಲ್ಕು ಕಾಸು ಲಾಭ ಬಂದರೆ ಮತ್ತೆ 30%.

ಇಡೀ ದೇಶಕ್ಕೆ ದೇಶವೇ ಒತ್ತಾಯ ಮಾಡಿ ನೋಡಿದ್ದುಂಟು. 2021ರಲ್ಲಿ ಎಲ್ ಸಾಲ್ವಡಾರ್ ಬಿಟ್‌ಕಾಯಿನ್ ಚಲಾವಣೆಗೆ ಕಾನೂನು ಮಾಡಿತು. 2025ರ ಜನವರಿಯಲ್ಲಿ, ಅಂಗಡಿಯವರು ತೆಗೆದುಕೊಳ್ಳಲೇಬೇಕು ಎಂಬ ಕಟ್ಟುಪಾಡನ್ನು ಅಲ್ಲಿನ ಸಂಸತ್ತೇ ತೆಗೆದುಹಾಕಿತು.

ಗಿರಾಕಿಗೆ ಡಿಜಿಟಲ್ ದುಡ್ಡೇ ಕೊಡಬೇಕು ಅನ್ನಿಸಿದರೆ, ರಿಸರ್ವ್ ಬ್ಯಾಂಕಿನದೇ ಇ-ರೂಪಾಯಿ ಇದೆ. 2022ರ ಡಿಸೆಂಬರ್ 1ರಂದು ಜನರಿಗಾಗಿ ಪ್ರಯೋಗ ಶುರುವಾದ ಮೊದಲ ನಾಲ್ಕು ಊರುಗಳಲ್ಲಿ ನಮ್ಮ ಮುಂಬೈಯೂ ಒಂದು. ಅದು ನೋಟಿನಷ್ಟೇ ಸಲ್ಲುವ ದುಡ್ಡು. ನಿಮ್ಮ ಗಲ್ಲಾ ಮುಂದೆ ಅಂಟಿಸಿರುವ ಯುಪಿಐ ಕ್ಯೂಆರ್‌ಗೇ ಇ-ರೂಪಾಯಿಯಿಂದ ಕೊಡಬಹುದು. ಮ್ಯಾನೇಜರ್‌ಗೆ ಅದನ್ನು ತೋರಿಸಲು ಹೇಳಿ.