ಬಣ್ಣ ಹಾಕಿದ ಬಟ್ಟೆಯಲ್ಲಿ ಮಗುವಿಗೆ ಕೌದಿ: ಹೊಲಿಯುವ ಮುಂಚೆ ನೋಡಬೇಕಾದ್ದು

ಅಕ್ಕಾ, ತಂಗಿಯ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಕೌದಿ ಕೊಡಬೇಕು ಅಂದಿದ್ದೀರಿ. ದಾಳಿಂಬೆ ಸಿಪ್ಪೆ, ಮಂಜಿಷ್ಠ (ಕೆಂಪು ಬಣ್ಣ ಕೊಡುವ ಬೇರು), ಅರಿಶಿನದಲ್ಲಿ ನೀವೇ ಬಣ್ಣ ಹಾಕಿದ ತುಂಡುಗಳ ಪಕ್ಕ ಅಜ್ಜನ ಬಿಳಿ ಧೋತರ ಇಟ್ಟರೆ ಬಣ್ಣ ಹತ್ತುತ್ತದಾ, ಉಪ್ಪು ಹಾಕಿದರೆ ನಿಲ್ಲುತ್ತದಾ ಅಂತ ಕೇಳಿದ್ದೀರಿ. ಧೋತರ ಖಂಡಿತ ಹಾಕಿ, ಅಷ್ಟು ಮೆತ್ತಗಿನ ಬಟ್ಟೆ ಹೊಸದರಲ್ಲಿ ಸಿಗುವುದಿಲ್ಲ. ಆದರೆ ಸೂಜಿ ಹಿಡಿಯುವ ಮುಂಚೆ ಪ್ರತಿ ತುಂಡನ್ನೂ ಪರೀಕ್ಷೆ ಮಾಡಿ. ಹೊಲಿದ ಮೇಲೆ ಬಣ್ಣ ಬಿಟ್ಟರೆ ಆ ಒಂದು ತುಂಡನ್ನು ಬಿಡಿಸುವುದು ಆಗದ ಮಾತು.

ಬಿಸಿ ನೀರಿಗೆ ಚೂರು ಸೋಪು ಹಾಕಿ, ಬಣ್ಣದ ತುಂಡಿನ ಜೊತೆ ಬಿಳಿ ಚಿಂದಿಯೊಂದನ್ನು ಅರ್ಧ ಗಂಟೆ ನೆನೆಸಿ, ಹಿಂಡಿ ಒಟ್ಟಿಗೇ ಒಣಗಿಸಿ. ಚಿಂದಿ ಬಿಳಿಯಾಗೇ ಉಳಿದರೆ ಭಯವಿಲ್ಲ. ಬಣ್ಣ ಹತ್ತಿದರೆ ಇನ್ನೂ ತೊಳೆಯಬೇಕು.

ಉಪ್ಪು, ವಿನೆಗರ್‌ನಿಂದ ಈ ಬಣ್ಣಗಳು ನಿಲ್ಲುವುದಿಲ್ಲ. ನಿಲ್ಲಿಸುವುದು ಅಳಲೆಕಾಯಿ ಮತ್ತು ಪಟಿಕ, ಅದೂ ಬಣ್ಣಕ್ಕೆ ಮುಂಚೆ. ಒಂದು ಕಿಲೋ ಒಣ ಬಟ್ಟೆಯನ್ನು ಮೊದಲು ವಾಷಿಂಗ್ ಸೋಡಾ ಹಾಕಿ ಕುದಿಸಿ ತೊಳೆಯಿರಿ. ಗಂಜಿ, ಎಣ್ಣೆ ಜಿಡ್ಡು ಹೋಗದಿದ್ದರೆ ಬಣ್ಣ ಒಳಗೆ ಇಳಿಯುವುದಿಲ್ಲ. ಆಮೇಲೆ 200 ಗ್ರಾಂ ಅಳಲೆಕಾಯಿ ಪುಡಿಯ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ತೊಳೆಯದೆ ಬರೀ ಹಿಂಡಿ. ನಂತರ 150 ಗ್ರಾಂ ಪಟಿಕ ಕರಗಿಸಿದ ಬಿಸಿ ನೀರಿನಲ್ಲಿ ಇಡಿ. ಆಮೇಲೆ ಬಣ್ಣ. ದಾಳಿಂಬೆ ಸಿಪ್ಪೆಯ ಬಣ್ಣವನ್ನು ಸಣ್ಣಗೆ ಕುದಿಸಿದರೂ ಪರವಾಗಿಲ್ಲ. ಮಂಜಿಷ್ಠವನ್ನು ಮಾತ್ರ ಕುದಿಸಬೇಡಿ, ಕೆಂಪು ಹೋಗಿ ಕಂದು ಬರುತ್ತದೆ. ಅಡುಗೆಯ ಪಾತ್ರೆ ಬೇಡ, ಬೇರೆ ಸ್ಟೀಲ್ ಪಾತ್ರೆ ಇಟ್ಟುಕೊಳ್ಳಿ. ಕಬ್ಬಿಣದ ಬಾಣಲೆಯಲ್ಲಿ ದಾಳಿಂಬೆಯ ಹಳದಿ ಕಪ್ಪು ಹಸಿರಿಗೆ ತಿರುಗುತ್ತದೆ.

ಅರಿಶಿನದ ತುಂಡುಗಳನ್ನು ಬಿಟ್ಟುಬಿಡಿ. ನೋಡಲು ಚಂದ, ನಿಜ. ಆದರೆ ಬಿಸಿಲಿಗೆ ಬೇಗ ಮಾಸುತ್ತದೆ, ಸೋಪು ತಾಗಿದ ಕಡೆ ಕೆಂಪಾಗುತ್ತದೆ. ಮಗುವಿನ ಬಟ್ಟೆ ದಿನಾ ತೊಳೆಯೋದೇ ಅಲ್ವಾ? ದಾಳಿಂಬೆಯ ಹಳದಿ ಸಾಕು.

ದಾರವೂ ಹತ್ತಿಯದೇ ಇರಲಿ. ಪಾಲಿಯೆಸ್ಟರ್ ದಾರ ಹಳೇ ಧೋತರವನ್ನು ಕೊಯ್ಯುತ್ತದೆ. ದಾರಕ್ಕೂ ಬಣ್ಣ ಹಾಕುವುದಾದರೆ ಲಡಿಯನ್ನು (ಸುತ್ತಿದ ದಾರದ ಕಟ್ಟನ್ನು) ನಾಲ್ಕು ಕಡೆ ಸಡಿಲವಾಗಿ ಕಟ್ಟಿ. ಬಿಗಿಯಾಗಿ ಕಟ್ಟಿದ ಜಾಗದಲ್ಲಿ ಬಿಳಿ ಮಚ್ಚೆ ಉಳಿಯುತ್ತದೆ.

ಹೊಲಿಗೆ ಸಾದಾ ಟಾಕು, ಅಂದರೆ ಸೂಜಿ ಮೇಲೆ ಕೆಳಗೆ ಹೋಗುವ ನೇರ ಹೊಲಿಗೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹೆಂಗಸರು ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ತ್ರಿಕೋನದ ‘ಫೂಲ’ ಹಾಕದೆ ಕೌದಿ ಪೂರ್ತಿ ಆಯಿತು ಅನ್ನುವುದಿಲ್ಲ. ನನಗೆ ಆ ಫೂಲ ಅಂದರೆ ತುಂಬಾ ಇಷ್ಟ. ಸುತ್ತಿ ಹೊಲಿಯುವಾಗ ನಡುವೆ ಬಟ್ಟೆ ಉಬ್ಬಬಾರದು ಅಂತ, ಮೊದಲು ಪದರಗಳನ್ನೆಲ್ಲ ಉದ್ದನೆಯ ಕಚ್ಚಾ ಹೊಲಿಗೆಯಲ್ಲಿ ಹಿಡಿದುಕೊಳ್ಳಿ.

ಮಗುವಿಗೆ ಎರಡು ಮೂರು ಪದರ ಸಾಕು. ಗಂಟು ಒಳಗೆ ಹೋಗಲಿ. ಕನ್ನಡಿ, ಗುಂಡಿ ಬೇಡ. ವರ್ಷ ತುಂಬುವವರೆಗೆ ಎಚ್ಚರವಿದ್ದಾಗ ಮಲಗಿಸಿ ಆಡಿಸಲು ಇದನ್ನು ಕೆಳಗೆ ಹಾಸಲಿ, ನಿದ್ದೆಯಲ್ಲಿ ಮೇಲೆ ಹೊದಿಸಬೇಡ ಅಂತ ತಂಗಿಗೆ ಹೇಳಿ. ಮುಖದ ಮೇಲೆ ಬಂದರೆ ಉಸಿರಿಗೆ ಕಷ್ಟ. ಒಗೆಯಲು ಅಂಟುವಾಳದ ನೀರು, ಒಣಗಿಸುವುದು ನೆರಳಲ್ಲಿ. ಲಿಂಬೆ, ಬ್ಲೀಚ್ ತಾಗಿಸಬಾರದು ಅಂತಲೂ ಒಂದು ಚೀಟಿ ಬರೆದು ಕೌದಿಯೊಳಗೆ ಇಟ್ಟು ಕೊಡಿ.