ಸುಣ್ಣದಕಲ್ಲು ಕರಗಿ ಲಾವಾ ಆಗುತ್ತದೆಯೇ?

ಪ್ರಶ್ನೆ: ನಮ್ಮೂರಲ್ಲಿ ಹಿಂದೆ ಸುಣ್ಣದ ಭಟ್ಟಿ ಇತ್ತು. ಎಷ್ಟು ಸುಟ್ಟರೂ ಸುಣ್ಣದಕಲ್ಲು ಕರಗಿದ್ದನ್ನು ನಾನು ನೋಡಿಲ್ಲ. ಆದರೆ ತಾಂಜಾನಿಯಾದ ಒಂದು ಜ್ವಾಲಾಮುಖಿ ಕಾರ್ಬೊನೇಟ್ ಲಾವಾ ಉಕ್ಕಿಸುತ್ತದಂತೆ. ಅದು ಹೇಗೆ ಸಾಧ್ಯ?
– ಬಾಗಲಕೋಟೆಯ ಓದುಗರು

ಉತ್ತರ: ಭಟ್ಟಿಯಲ್ಲಿ ನೀವು ಕಂಡದ್ದು ಸರಿ. ಸುಣ್ಣದಕಲ್ಲು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಲ್ಲಿನೊಳಗಿನ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ. ಉಳಿಯುವುದು ನೀರು ಹಾಕಿದರೆ ಕೊತಕೊತ ಕುದಿಯುವ ಸುಟ್ಟ ಸುಣ್ಣ. ಕರಗುವಷ್ಟು ಬಿಸಿ ಏರುವ ಮೊದಲೇ ಅದು ಸುಣ್ಣದಕಲ್ಲಾಗಿ ಉಳಿದಿರುವುದಿಲ್ಲ.

ಭಟ್ಟಿಗೆ ತೆರೆದ ಬಾಯಿ ಇದೆ. ನೂರು ಕಿಲೋಮೀಟರ್ ಆಳದಲ್ಲಿ ಹಾಗಲ್ಲ. ಅಲ್ಲಿನ ಒತ್ತಡ ನಮ್ಮ ಮೇಲಿರುವ ಗಾಳಿಯ ಒತ್ತಡಕ್ಕಿಂತ ಸುಮಾರು 30,000 ಪಟ್ಟು ಜಾಸ್ತಿ. ಅನಿಲಕ್ಕೆ ಓಡಿಹೋಗಲು ಜಾಗವೇ ಇಲ್ಲ. ಹಾಗಾಗಿ ಅದು ಮೆಗ್ನೀಸಿಯಂ, ಕ್ಯಾಲ್ಸಿಯಂ ಜೊತೆ ಕಾರ್ಬೊನೇಟ್ ಖನಿಜವಾಗಿಯೇ ಉಳಿಯುತ್ತದೆ.

ಆ ಆಳದಲ್ಲಿರುವುದು ಮ್ಯಾಂಟಲ್, ಭೂಮಿಯ ಹೊರಚಿಪ್ಪಿನ ಕೆಳಗಿನ ದಪ್ಪ ಪದರ. ಅದು ಕುದಿಯುವ ದ್ರವ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಅದು ಹೆಚ್ಚೂಕಡಿಮೆ ಪೂರ್ತಿ ಗಟ್ಟಿ ಬಂಡೆ, ಪೆರಿಡೊಟೈಟ್. ಅದರಲ್ಲಿ ಸ್ವಲ್ಪ ಕಾರ್ಬೊನೇಟ್ ಬೆರೆತಿದ್ದರೆ ಕರಗಲು ಶುರುವಾಗುವ ಬಿಸಿ ನೂರಾರು ಡಿಗ್ರಿ ಇಳಿಯುತ್ತದೆ. ರೇಡಿಯೊ ರಿಪೇರಿಯವರ ಬೆಸುಗೆ ತಂತಿ ನೋಡಿ. ತವರವಾಗಲಿ ಸೀಸವಾಗಲಿ ಒಂಟಿಯಾಗಿ ಕರಗುವುದಕ್ಕಿಂತ ಕಡಿಮೆ ಬಿಸಿಗೆ ಅವೆರಡರ ಮಿಶ್ರಣ ಕರಗುತ್ತದೆ, ಅಲ್ವಾ? ಹೀಗೆ ಮೊದಲು ಕರಗುವುದು ಬಂಡೆಯ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದರ ತುಂಬಾ ಕಾರ್ಬೊನೇಟೇ. ತೀರಾ ತೆಳುವಾದ್ದರಿಂದ ಹರಳು ಹರಳಿನ ಅಂಚು ಹಿಡಿದು ಜಿನುಗುತ್ತಾ ಮೇಲೇರುತ್ತದೆ.

ಆದರೆ ಅದರಲ್ಲಿ ಹೆಚ್ಚಿನದು ಮೇಲೆ ಬರುವುದೇ ಇಲ್ಲ. ಸುಮಾರು 70 ಕಿಲೋಮೀಟರ್ ಆಳಕ್ಕೆ ಬರುವಷ್ಟರಲ್ಲಿ ಒತ್ತಡ ಇಳಿದಿರುತ್ತದೆ. ದ್ರವ ಸುತ್ತಲಿನ ಪೈರಾಕ್ಸೀನ್ ಖನಿಜದೊಂದಿಗೆ ಸೇರಿ ಬದಲಾಗಿ, ಅನಿಲ ಬಿಟ್ಟುಕೊಡುತ್ತದೆ. ಥೇಟ್ ನಿಮ್ಮ ಭಟ್ಟಿಯ ಹಾಗೆಯೇ. ಮೇಲೆ ಸಿಗುವ ಕಾರ್ಬೊನಟೈಟ್ (ಕಾರ್ಬೊನೇಟ್ ತುಂಬಿದ ದ್ರವ ತಣಿದು ಆದ) ಶಿಲೆಗಳಲ್ಲಿ ಹಲವು ಇನ್ನೊಂದು ದಾರಿಯಲ್ಲಿ ಬಂದವು. ಸಿಲಿಕಾ, ಸೋಡಿಯಂ ಎಲ್ಲ ಸೇರಿದ ಮ್ಯಾಗ್ಮಾದಲ್ಲಿ, ಅಂದರೆ ನೆಲದಡಿಯ ಕರಗಿದ ಶಿಲೆಯಲ್ಲಿ, ಕಾರ್ಬೊನೇಟ್ ಕರಗಿಕೊಂಡು ಮೇಲೆ ಬರುತ್ತದೆ. ಅಲ್ಲಿ ಮ್ಯಾಗ್ಮಾ ತಣ್ಣಗಾಗುವಾಗ ಎಣ್ಣೆ–ನೀರಿನಂತೆ ಎರಡೂ ಬೇರೆಯಾಗುತ್ತವೆ.

ನೀವು ಓದಿದ ಜ್ವಾಲಾಮುಖಿ ಓಲ್ ಡೊಯಿನ್ಯೊ ಲೆಂಗಾಯ್, ಮಸಾಯಿ ಜನರ 'ದೇವರ ಬೆಟ್ಟ'. ಅದರ ಲಾವಾ ಕೂಡ ಹೀಗೆ ಬೇರ್ಪಟ್ಟದ್ದು ಎಂಬುದೇ ಹೆಚ್ಚಿನ ಭೂವಿಜ್ಞಾನಿಗಳ ಅಭಿಪ್ರಾಯ, ನನ್ನದೂ ಅದೇ. ಆ ಲಾವಾದಲ್ಲಿ ಸೋಡಿಯಂ ಕಾರ್ಬೊನೇಟ್ ಹೇರಳ, ಅಂದರೆ ನಮ್ಮ ವಾಷಿಂಗ್ ಸೋಡಾದ ಮುಖ್ಯ ಪದಾರ್ಥ. ಅದು ಸುಣ್ಣದಕಲ್ಲಿನಂತೆ ಸುಲಭವಾಗಿ ಅನಿಲ ಬಿಡುವುದಿಲ್ಲ. ಅದಕ್ಕೇ ತೆರೆದ ಗಾಳಿಯಲ್ಲೂ ದ್ರವವಾಗಿಯೇ ಇರುತ್ತದೆ. ಬಿಸಿ ಬರೀ 500–600 ಡಿಗ್ರಿ. ಹಗಲಲ್ಲಿ ನೋಡಿದರೆ ಕಪ್ಪು ಎಣ್ಣೆ ಹರಿದಂತೆ ಕಾಣುತ್ತದೆ, ಕೆಂಪು ಕಾಣುವುದು ಕತ್ತಲಾದ ಮೇಲೆ. ಗಟ್ಟಿಯಾದ ಮೇಲೆ ತೇವ ಹೀರಿ ಕೆಲವೇ ದಿನಗಳಲ್ಲಿ ಬೆಳ್ಳಗಾಗುತ್ತದೆ.

ಕಾರ್ಬೊನಟೈಟ್ ನೋಡಲು ಆಫ್ರಿಕಾಕ್ಕೇ ಹೋಗಬೇಕಿಲ್ಲ. ನಮ್ಮ ಗಡಿಯ ಹೊಗೇನಕಲ್ ಬಳಿ ಸುಮಾರು 240 ಕೋಟಿ ವರ್ಷ ಹಳೆಯ ಕಾರ್ಬೊನಟೈಟ್ ಇದೆ. ಅದರ ಕ್ಯಾಲ್ಸೈಟ್ ಮೇಲೆ ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟರೆ ಬುಸ್ಸೆಂದು ನೊರೆ ಏಳುತ್ತದೆ. ಭಟ್ಟಿಯಿಂದ ಹಾರಿಹೋಗುತ್ತಿದ್ದ ಅನಿಲವೇ ಅದು.